ಅನ್ನ ಬಿಟ್ಟವರ ತರಗತಿ

ನನ್ನ ಅಕ್ಕನ ಗಂಡ ತೆಳ್ಳಗಾದ ವರ್ಷ ನಮ್ಮ ಬಳಗಕ್ಕೆಲ್ಲ ಕಷ್ಟಕಾಲ ಬಂತು. ಭಾವ ಸರ್ಕಾರಿ ಕಚೇರಿಯೊಂದರಲ್ಲಿ ಮೇಲಿನ ಹುದ್ದೆಯಲ್ಲಿದ್ದು ನಿವೃತ್ತರಾದವರು. ಅಕ್ಕನೂ ಅವರೂ ಸುಳ್ಯದಲ್ಲಿ ಇರುವುದು. ನಿವೃತ್ತಿಯ ನಂತರ ಅವರು ಕೋಣೆಯೊಳಗೆ ಬಂದರೆ ಯಾರೂ ಎದ್ದು ನಿಲ್ಲುತ್ತಿರಲಿಲ್ಲ. ಸ್ವಲ್ಪ ಹೊಟ್ಟೆ ಬಂದದ್ದು ಬಿಟ್ಟರೆ ಅವರಿಗಿದ್ದ ಕಾಯಿಲೆ ಅದೊಂದೇ. ಮೊಬೈಲಿನಲ್ಲಿ ಯಾರೋ ಮಾತಾಡುವುದನ್ನು ಕೇಳಿ ಅನ್ನ ಬಿಟ್ಟರು, ಹೊಟ್ಟೆ ಕರಗಿತು. ಅದರ ನಂತರ ಅವರ ಮನೆಗೆ ಹೋದವರು ಯಾರೇ ಇರಲಿ, ಕೈಗೆ ನೀರಿನ ಲೋಟ ಬರುವ ಮೊದಲು ಭಾವನ ಹಳೆಯ ಪ್ಯಾಂಟನ್ನು ನೋಡಬೇಕಾಗಿತ್ತು. ಅದನ್ನು ಹಾಕಿಕೊಂಡು ಬಂದು, ಸೊಂಟದ ಹತ್ತಿರ ಹಿಡಿದು ಮುಂದಕ್ಕೆ ಎಳೆದು, ಒಳಗಿನ ಖಾಲಿ ಜಾಗವನ್ನು ತೋರಿಸುತ್ತಿದ್ದರು. ಐವತ್ತು ದಾಟಿದ ಹೆಂಗಸರು ಆ ಖಾಲಿ ಜಾಗಕ್ಕೆ ಇಣುಕಿ "ಹೌದಲ್ವಾ" ಎನ್ನಬೇಕು. ನಾನೂ ಇಣುಕಿದ್ದೇನೆ.

ಹೀಗೆ ಇಣುಕಿ ಬಂದವರಲ್ಲಿ ಕೆಲವರು ನಿಜವಾಗಿಯೂ ಮರುಳಾದರು. ಭಾವ ಅವರನ್ನೆಲ್ಲ ಸೇರಿಸಿ ಪ್ರತಿ ಆದಿತ್ಯವಾರ ಬೆಳಿಗ್ಗೆ ಸುಳ್ಯದ ಒಂದು ಸಣ್ಣ ಸಭಾಂಗಣದಲ್ಲಿ ತರಗತಿ ಸುರು ಮಾಡಿದರು. ಅವರು ಪುಡಿ ಮಾರಲಿಲ್ಲ, ಶುಲ್ಕ ಕೇಳಲಿಲ್ಲ. ಅದನ್ನು ಜನ ದೊಡ್ಡ ಗುಣ ಎಂದು ಹೊಗಳುತ್ತಿದ್ದರು. ನನಗೆ ಹಾಗೆ ಅನ್ನಿಸಲಿಲ್ಲ. ಅವರಿಗೆ ಬೇಕಾದದ್ದು ಅಲ್ಲಿ ಸಿಗುತ್ತಿತ್ತು: ಅವರು ಒಳಗೆ ಬಂದಾಗ ಎಲ್ಲರೂ ಎದ್ದು ನಿಲ್ಲುತ್ತಿದ್ದರು.

ನಾನು ಇರುವುದು ಪುತ್ತೂರಿನಲ್ಲಿ. ಕಡಬದ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಆ ವರ್ಷ ಹತ್ತನೇ ತರಗತಿಯನ್ನು ಮಾಳಿಗೆಗೆ ಹಾಕಿದ್ದರಿಂದ ಮೆಟ್ಟಿಲು ಹತ್ತಿ ಇಳಿದು ನನ್ನ ಮೊಣಕಾಲು ಊದಿಕೊಂಡಿತು. ಪುತ್ತೂರಿನ ಡಾಕ್ಟರು ಕಾಲನ್ನು ಎರಡು ಸಲ ಒತ್ತಿ ನೋಡಿ, "ತೂಕ ಇಳಿಸಿ, ಊಟ ಸ್ವಲ್ಪ ಕಡಿಮೆ ಮಾಡಿ" ಎಂದರು. ಸ್ವಲ್ಪ ಎಂದರೆ ಎಷ್ಟು, ಊಟದಲ್ಲಿ ಯಾವುದು ಎಂದು ನಾನು ಕೇಳುವಷ್ಟರಲ್ಲಿ ಅವರು ಮುಂದಿನ ಟೋಕನ್ ಕರೆದಾಗಿತ್ತು.

ಸಂಜೆ ಅಕ್ಕನಿಗೆ ಫೋನ್ ಮಾಡಿ ಇದನ್ನು ಹೇಳುತ್ತಿದ್ದೆ. ಅರ್ಧದಲ್ಲಿ ಭಾವ ಫೋನ್ ಕಸಿದುಕೊಂಡರು.

"ಟೀಚರ್, ಆದಿತ್ಯವಾರ ಬಾ. ಅನ್ನ ತಿನ್ನುವವರ ಮೊಣಕಾಲು ಹಾಗೆಯೇ."

ಅವರು ನನ್ನನ್ನು ಟೀಚರ್ ಎನ್ನುವುದು ಗೌರವಕ್ಕಲ್ಲ. ಕಚೇರಿಯಲ್ಲಿ ಜವಾನನನ್ನು ಸಾಹೇಬ್ರೆ ಎಂದು ಕರೆಯುತ್ತಿದ್ದರಂತೆ, ಅದೇ ಧಾಟಿ. ಆದರೂ ನಾನು ಹೋದೆ. ಕಾಲು ನೋಯುತ್ತಿತ್ತು, ಬೇರೆ ಯಾರೂ ಬಿಡಿಸಿ ಏನೂ ಹೇಳಿರಲಿಲ್ಲ.

ತರಗತಿಯಲ್ಲಿ ಭಾವ ಹೇಳಿದ ಪಥ್ಯ ಸರಳವಾಗಿತ್ತು. ಅಕ್ಕಿ, ಗೋಧಿ, ಬೆಲ್ಲ, ಸಕ್ಕರೆ, ಬಾಳೆಹಣ್ಣು, ಹಲಸಿನ ಹಣ್ಣು ಇಲ್ಲವೇ ಇಲ್ಲ. ಬೇಳೆ ಕಾಳು ಕೂಡ ಬೇಡ. ಮೊಟ್ಟೆ, ಕೋಳಿ, ಮೀನು, ತುಪ್ಪ, ತೆಂಗಿನೆಣ್ಣೆ, ಸೌತೆಕಾಯಿ, ಸೊಪ್ಪು ಎಷ್ಟು ಬೇಕಾದರೂ ತಿನ್ನಬಹುದು. ಗಂಜಿ ಕುಡಿದು ಬೆಳೆದ ಊರಿನ ಜನ ಇದನ್ನು ಬಾಯಿ ತೆರೆದು ಕೇಳಿದರು. ಒಬ್ಬರು ಮೆಲ್ಲ, "ನೀರುದೋಸೆ ಒಂದು ತಿನ್ನಬಹುದಾ?" ಎಂದು ಕೇಳಿದ್ದಕ್ಕೆ ಭಾವ, "ವಿಷವನ್ನು ತೆಳ್ಳಗೆ ಹೊಯ್ದರೆ ಅಮೃತ ಆಗ್ತದಾ?" ಎಂದರು. ಎಲ್ಲರೂ ನಕ್ಕರು. ಕೇಳಿದವರೂ ನಕ್ಕರು, ಪಾಪ.

ಕೊನೆಯಲ್ಲಿ ಒಂದು ಕ್ರಮ ಇತ್ತು. ಒಬ್ಬೊಬ್ಬರೇ ಎದ್ದು ನಿಲ್ಲಬೇಕು. ಭಾವ ಒಂದು ಸಂದರ್ಭ ಹೇಳುತ್ತಾರೆ. "ಮದುವೆ ಮನೆ. ಎದುರಿಗೆ ಬಿಸಿ ಹೋಳಿಗೆ, ಮೇಲೆ ತುಪ್ಪ. ಪಕ್ಕದವರು ಒತ್ತಾಯ ಮಾಡ್ತಾ ಇದ್ದಾರೆ. ಬಿಡುವ ಆತ್ಮವಿಶ್ವಾಸ ಉಂಟಾ? ಹತ್ತರಲ್ಲಿ ಎಷ್ಟು?" ಎದ್ದವರು ಅಂಕ ಹೇಳಬೇಕು. ಹತ್ತು ಎಂದರೆ ಚಪ್ಪಾಳೆ. ಎಂಟು ಎಂದರೆ ಉಳಿದ ಎರಡು ಎಲ್ಲಿ ಹೋಯಿತು ಎಂಬ ವಿಚಾರಣೆ. ಹಾಗಾಗಿ ಎರಡನೆಯ ವಾರದಿಂದ ಎಂಟು ಹೇಳುವವರು ಯಾರೂ ಉಳಿಯಲಿಲ್ಲ. ನಾನು ಒಂಬತ್ತು ಎಂದೆ. ಭಾಷಾ ವಿಷಯದಲ್ಲಿ ಪೂರ್ಣ ಅಂಕ ಕೊಟ್ಟು ನನಗೆ ಅಭ್ಯಾಸವಿಲ್ಲ.

ಮೊದಲಿನ ಕೆಲವು ವಾರ ತೂಕ ಇಳಿದದ್ದು ನಿಜ. ರವಿಕೆ ಸಡಿಲವಾಯಿತು. ಬಸ್ಸಿನಲ್ಲಿ ಪರಿಚಯದವರು "ಎಂತ, ಕರಗಿದ್ದೀರಿ" ಎಂದರು. ಹಾಗೆ ಹೇಳುವವರ ಧ್ವನಿಯಲ್ಲಿ ಅರ್ಧ ಮೆಚ್ಚುಗೆ, ಅರ್ಧ ಏನಾದರೂ ದೊಡ್ಡ ಕಾಯಿಲೆಯೋ ಎಂಬ ಆಸೆ. ನಾನೂ ಆ ಹೊಗಳಿಕೆಯಲ್ಲಿ ಉಬ್ಬಿದೆ. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಗಳು ಬುತ್ತಿ ಬಿಚ್ಚಿದರೆ ಚಿತ್ರಾನ್ನದ ಗುಡ್ಡೆಯನ್ನು ನೋಡಿ ಮನಸ್ಸಿನಲ್ಲೇ ಮೂಗು ಮುರಿಯುತ್ತಿದ್ದೆ. ಇನ್ನೊಬ್ಬರ ತಟ್ಟೆಯ ಮೇಲಿನ ತಾತ್ಸಾರ ನಮ್ಮ ಹಸಿವನ್ನು ಸ್ವಲ್ಪ ಹೊತ್ತು ಮರೆಸುತ್ತದೆ. ಭಾವ ಬದುಕುತ್ತಿದ್ದದ್ದು ಬಹುಶಃ ಅದರಲ್ಲಿಯೇ.

ನಮ್ಮ ಶಾಲೆಯ ಗಣಿತದ ಟೀಚರು ಬ್ಯಾರಿ ಮನೆತನದವರು, ಪುತ್ತೂರಿನಿಂದಲೇ ನನ್ನ ಜೊತೆ ಬಸ್ಸಿನಲ್ಲಿ ಬರುವವರು. ಅವರಿಗೆ ನಾನು ಹತ್ತರಲ್ಲಿ ಒಂಬತ್ತರ ವಿಷಯ ಹೇಳಿದೆ. ಅವರು ಉತ್ತರಪತ್ರಿಕೆಯಿಂದ ತಲೆ ಎತ್ತಲಿಲ್ಲ.

"ನಾವು ರಂಜಾನಿನಲ್ಲಿ ತಿಂಗಳಿಡೀ ಹಗಲು ನೀರು ಕೂಡ ಮುಟ್ಟುದಿಲ್ಲ ಟೀಚರ್. ಯಾರೂ ಅಂಕ ಕೇಳುದಿಲ್ಲ."

"ಅದು ನಂಬಿಕೆ ಅಲ್ವಾ?"

"ನಂಬಿಕೆ ಉಂಟು. ಬೆಳಗಿನ ಜಾವದ ಊಟವೂ ಉಂಟು. ಅದರಲ್ಲಿ ಚಾ ಬಿಸ್ಕೆಟ್ ತಿಂದು ಮಲಗಿದ ದಿನ ಮಧ್ಯಾಹ್ನಕ್ಕೆ ನನಗೆ ಗೋಡೆಯನ್ನೇ ತಿನ್ನುವ ಹಾಗೆ ಆಗ್ತದೆ. ಮೊಟ್ಟೆ, ಕಡಲೆ ಎಲ್ಲ ಸರಿಯಾಗಿ ತಿಂದ ದಿನ ಏನೂ ಇಲ್ಲ. ನಂಬಿಕೆ ಎರಡೂ ದಿನ ಒಂದೇ."

ಆಗ ನನಗೆ ಆ ಮಾತು ಹಿಡಿಸಲಿಲ್ಲ. ನಾನು ಕರಗಿದವಳು, ಅವರು ಕರಗದವರು, ಅವರಿಂದ ಏನು ಕಲಿಯುವುದು ಎಂಬ ಭಾವನೆ.

ಮಳೆಗಾಲ ಹಿಡಿಯುವಷ್ಟರಲ್ಲಿ ನನ್ನ ಪಥ್ಯ ಬಿರುಕು ಬಿಟ್ಟಿತು. ಸಂಜೆ ಶಾಲೆ ಬಿಟ್ಟು ಕಡಬದ ಪೇಟೆಯಲ್ಲಿ ಬಸ್ಸಿಗೆ ಕಾಯುವಾಗ ಹತ್ತಿರದ ಹೋಟೆಲಿನಲ್ಲಿ ಮೈದಾದ ಗೋಳಿಬಜೆ ಎಣ್ಣೆಯಲ್ಲಿ ಬೇಯುತ್ತಿರುತ್ತದೆ. ಬೆಳಿಗ್ಗೆ ಬೆಣ್ಣೆ ಹಾಕಿದ ಕಾಫಿ, ಮಧ್ಯಾಹ್ನ ಸೌತೆಕಾಯಿ ಮತ್ತು ತಣ್ಣಗಾದ ಕೋಳಿ ತುಂಡು ತಿಂದ ಹೊಟ್ಟೆಗೆ ಆ ವಾಸನೆ ನೇರ ಹೋಗಿ ತಾಗುತ್ತಿತ್ತು. ಮೊದಮೊದಲು ಮುಖ ತಿರುಗಿಸಿ ನಿಂತೆ. ಆಮೇಲೆ ಹೋಟೆಲಿನ ಒಳಗೆ, ಯಾರಿಗೂ ಕಾಣದ ಹಿಂದಿನ ಮೇಜಿಗೆ ಹೋಗತೊಡಗಿದೆ. ಒಂದು ಪ್ಲೇಟಿನಿಂದ ಸುರುವಾದದ್ದು ಒಂದು ಪ್ಲೇಟಿಗೆ ನಿಲ್ಲುತ್ತಿರಲಿಲ್ಲ. ಹೇಗೂ ವ್ರತ ಕೆಟ್ಟಿತಲ್ಲ ಎಂದು ಬಾಳೆಹಣ್ಣಿನ ಬನ್ಸೂ ಆಗುತ್ತಿತ್ತು. ಮನೆಗೆ ಬಂದರೆ ಅಡುಗೆಮನೆಯಲ್ಲಿ ನಿಂತುಕೊಂಡೇ ಪಾತ್ರೆಯಿಂದ ತಣ್ಣನೆಯ ಅನ್ನ ಬಾಚಿ ತಿನ್ನುತ್ತಿದ್ದೆ. ನನ್ನ ಗಂಡ ಏನು ತಿಂದರೂ ಒಣಗಿದ ಕೋಲಿನ ಹಾಗಿರುವ ಮನುಷ್ಯ. ಅವರು ಬಾಗಿಲಲ್ಲಿ ನಿಂತು, "ಕೂತುಕೊಂಡು ತಿನ್ನಬಹುದಲ್ವಾ ಮಾರಾಯ್ತಿ" ಎಂದರೆ ಅವರ ಮೇಲೆಯೇ ಹರಿಹಾಯುತ್ತಿದ್ದೆ.

ಆದಿತ್ಯವಾರ ಮತ್ತೆ ಸುಳ್ಯ. ಮತ್ತೆ ಒಂಬತ್ತು. ಆ ಸಭಾಂಗಣದಲ್ಲಿ ಕೂತಿದ್ದ ಎಲ್ಲರಿಗೂ ಅವರವರ ಹಿಂದಿನ ಮೇಜು ಇದ್ದಿರಬೇಕು. ಯಾಕೆಂದರೆ ಅಂಕಗಳು ಏರುತ್ತಲೇ ಇದ್ದವು, ಸೊಂಟಗಳು ಇಳಿಯುವುದನ್ನು ನಿಲ್ಲಿಸಿದ್ದವು. ಯಾರ ಮುಖವನ್ನೂ ಯಾರೂ ಸರಿಯಾಗಿ ನೋಡುತ್ತಿರಲಿಲ್ಲ. ಮೊಟ್ಟೆ ತಿಂದು ಬಂದು ಬೆಳಿಗ್ಗೆ ತಂಪು ಹೊತ್ತಿನಲ್ಲಿ ಇಲ್ಲದ ಹೋಳಿಗೆಯನ್ನು ಬಿಡುವುದಕ್ಕೆ ಎಷ್ಟು ವಿಶ್ವಾಸ ಬೇಕು? ಆ ಪ್ರಶ್ನೆಯನ್ನು ಕಡಬದ ಬಸ್ ಸ್ಟ್ಯಾಂಡಿನಲ್ಲಿ ಸಂಜೆ ಹೊತ್ತಿಗೆ ಬಂದು ಕೇಳಬೇಕಿತ್ತು.

ಒಂದು ಆದಿತ್ಯವಾರ ಭಾವ ಅಕ್ಕನನ್ನು ಎಬ್ಬಿಸಿದರು. ಅಕ್ಕ ಯಾವಾಗಲೂ ಹಿಂದಿನ ಸಾಲಿನಲ್ಲಿ ಕೂರುವವಳು. ಸಣ್ಣ ಧ್ವನಿಯ, ಯಾರಿಗೂ ಎದುರು ಹೇಳದ ಹೆಂಗಸು. ಅವಳಿಗೆ ಹಲವು ವರ್ಷದಿಂದ ಸಕ್ಕರೆ ಕಾಯಿಲೆ, ಬೆಳಿಗ್ಗೆ ತಿಂಡಿಗೆ ಮೊದಲು ಮಾತ್ರೆ. ಮನೆಯಲ್ಲಿ ಅಕ್ಕಿ ಡಬ್ಬವನ್ನೇ ಭಾವ ಯಾರಿಗೋ ಕೊಟ್ಟುಬಿಟ್ಟಿದ್ದರಿಂದ ಅವಳೂ ಅನ್ನ ಬಿಟ್ಟಾಗಿತ್ತು.

"ನೀನು ಹೇಳು," ಎಂದರು ಭಾವ, ಎಲ್ಲರ ಕಡೆ ನೋಡಿ ನಗುತ್ತಾ. "ಹೊರಗೆ ಊಟಕ್ಕೆ ಹೋದ್ರೆ ಅನ್ನ ಬಿಡುವ ಆತ್ಮವಿಶ್ವಾಸ, ಹತ್ತರಲ್ಲಿ ಎಷ್ಟು?"

ಅಕ್ಕ ಸ್ವಲ್ಪ ಯೋಚಿಸಿದಳು. "ಎರಡು."

ಎಲ್ಲರ ತಲೆ ಹಿಂದಿನ ಸಾಲಿಗೆ ತಿರುಗಿತು.

"ಎರಡಾ? ನನ್ನ ಮನೆಯಲ್ಲಿದ್ದು ಎರಡಾ?"

"ಮನೆಯಲ್ಲಿ ಹತ್ತು. ಮನೆಯಲ್ಲಿ ಅಕ್ಕಿಯೇ ಇಲ್ವಲ್ಲ. ನೀವು ಹೊರಗಿನದ್ದು ಕೇಳಿದ್ದು."

ಯಾರೋ ಕಿಸಕ್ಕೆಂದು ನಕ್ಕರು. ಭಾವನ ಮುಖ ಕಪ್ಪಾಯಿತು. ಆಮೇಲೆ ಬಹಳ ಹೊತ್ತು ಅವರು ಮನೋಬಲದ ಬಗ್ಗೆ ಮಾತಾಡಿದರು, ಅಕ್ಕನನ್ನು ನಿಲ್ಲಿಸಿಯೇ. ದುರ್ಬಲ ಮನಸ್ಸಿನವರು ಗಂಡನಿಗೆ ಹೇಗೆ ಅವಮಾನ, ಒಬ್ಬರ ನಾಲಗೆ ಒಂದು ಮನೆಯ ಮಾನವನ್ನು ಹೇಗೆ ಕಳೆಯುತ್ತದೆ ಎಂಬ ವಿಷಯ. ಅಕ್ಕ ಸೆರಗು ಹಿಡಿದು ನಿಂತೇ ಇದ್ದಳು. ನಾನು ಎದ್ದು, "ಭಾವ, ಅವಳಿಗೆ ಕಾಲು ನೋಯ್ತದೆ, ಕೂರಿಸಿ" ಎಂದೆ. "ತರಗತಿಯಲ್ಲಿ ಶಿಸ್ತು ಎಂದ್ರೆ ಎಂತ ಹೇಳಿ ಟೀಚರ್‌ಗೆ ನಾನು ಕಲಿಸಬೇಕಾ?" ಎಂದರು. ನಾನು ಅಕ್ಕನ ಹತ್ತಿರ ಹೋಗಿ ಅವಳ ಭುಜ ಹಿಡಿದು ಕೂರಿಸಿದೆ. ಅಷ್ಟೂ ಜನರಲ್ಲಿ ನಿಜ ಹೇಳಿದವಳು ಅವಳೊಬ್ಬಳೇ. ಅದಕ್ಕೆ ಅವಳಿಗೆ ಸಿಕ್ಕಿದ್ದು ಇದು. ಆ ದಿನದಿಂದ ಭಾವ ನನಗೆ ಬರೀ ಬೇಸರದ ಮನುಷ್ಯನಾಗಿ ಉಳಿಯಲಿಲ್ಲ. ಕೀಳು ಮನುಷ್ಯನಾಗಿ ಕಂಡರು.

ಅದಾಗಿ ಸ್ವಲ್ಪ ದಿನದಲ್ಲಿ ಸುಳ್ಯದ ಹತ್ತಿರದ ಅಜ್ಜಾವರದಲ್ಲಿ ನಮ್ಮ ಸಂಬಂಧಿಕರ ಹೊಸ ಮನೆಯ ಒಕ್ಕಲು ಇತ್ತು. ಮುಖ್ಯ ಅತಿಥಿ ಯಾರೋ ಬರುವುದು ತಡವಾಗಿ ಊಟ ಹೊತ್ತು ಮೀರಿತು. ಚಪ್ಪರದ ಕೆಳಗೆ ಎಲೆ ಹಾಕಿದಾಗ ಅಕ್ಕ ಭಾವನ ಎಡಬದಿಗೆ ಕೂತಳು, ಅಕ್ಕನ ಈಚೆ ಬದಿಗೆ ನಾನು. ಬಡಿಸುವವರು ಅನ್ನದ ಬುಟ್ಟಿ ತಂದಾಗ ಭಾವ ಅಕ್ಕನ ಎಲೆಯ ಮೇಲೆ ತಮ್ಮ ಅಂಗೈ ಅಡ್ಡ ಹಿಡಿದರು.

"ಇಲ್ಲಿಗೆ ಬೇಡ. ಪಲ್ಯ ಹಾಕಿ, ಸಾಕು."

ಸಣ್ಣ ಹುಡುಗಿಯರ ಎಲೆಗೆ ಕೂಡ ಯಾರೂ ಹಾಗೆ ಮಾಡುವುದಿಲ್ಲ. ಅರುವತ್ತರ ಹತ್ತಿರದ ಹೆಂಗಸು, ಮೊಮ್ಮಕ್ಕಳಿರುವವಳು. ಎದುರು ಸಾಲಿನವರು ನೋಡಿಯೂ ನೋಡದ ಹಾಗೆ ತಮ್ಮ ಉಪ್ಪಿನಕಾಯಿ ಸರಿಮಾಡಿಕೊಂಡರು. ನಮ್ಮ ಊರಿನ ಸಭ್ಯತೆ ಇಂಥ ಹೊತ್ತಿಗೇ ಇರುವುದು.

ಅಕ್ಕ ಪಲ್ಯವನ್ನು ಬೆರಳಿನಿಂದ ಮುಟ್ಟಿದಳು. ಬಾಯಿಗೆ ತರಲಿಲ್ಲ.

"ನನಗೆ ಎಂತದೋ ಆಗ್ತಾ ಉಂಟು," ಎಂದಳು.

"ಎಂತದೂ ಆಗುದಿಲ್ಲ," ಎಂದರು ಭಾವ, ತಲೆ ಬಗ್ಗಿಸಿಕೊಂಡು ಪಲ್ಯ ತಿನ್ನುತ್ತಾ. "ಪಾಯಸದ ವಾಸನೆಗೆ ಮನಸ್ಸು ಆಟ ಆಡುದು. ಐದು ನಿಮಿಷ ತಡ್ಕೋ. ಇದೇ ಪರೀಕ್ಷೆ."

ನಾನು ಅವಳ ಕೈ ಮುಟ್ಟಿದೆ. ತಣ್ಣಗೆ, ಒದ್ದೆ. ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು, ಬೆರಳುಗಳು ಅದುರುತ್ತಿದ್ದವು. ನಮ್ಮ ಅಮ್ಮನಿಗೂ ಸಕ್ಕರೆ ಕಾಯಿಲೆ ಇತ್ತು, ಸಕ್ಕರೆ ಇಳಿದರೆ ಮನುಷ್ಯರು ಹೇಗಾಗುತ್ತಾರೆಂದು ನಾನು ಕಂಡವಳು. "ಬೆಳಿಗ್ಗೆ ಎಂತ ತಿಂದದ್ದು?" ಎಂದು ಕೇಳಿದೆ. "ಮಾತ್ರೆ... ಮೊಟ್ಟೆ ಒಂದು" ಎಂದಳು. ಮಾತು ತೊದಲುತ್ತಿತ್ತು. ಪಾಯಸದವನು ಇನ್ನೂ ಆ ತುದಿಯಲ್ಲಿದ್ದ. ನಾನು ಎದ್ದು ಹೋಗಿ ಅವನ ಪಾತ್ರೆಯಿಂದ ಒಂದು ಲೋಟ ತುಂಬಿಸಿ ತಂದೆ. ಅಕ್ಕನ ಬಾಯಿಗೆ ಹಿಡಿಯುವಾಗ ಭಾವ ನನ್ನ ಮಣಿಕಟ್ಟು ಹಿಡಿದರು.

"ಟೀಚರ್, ಇಷ್ಟು ತಿಂಗಳ ಶ್ರಮವನ್ನು ಹಾಳು ಮಾಡಬೇಡ."

"ಕೈ ಬಿಡಿ ಭಾವ."

"ಅವಳದ್ದು ನಾಟಕ."

"ಕೈ ಬಿಡಿ. ಇಲ್ಲದಿದ್ರೆ ಈ ಪಾಯಸ ನಿಮ್ಮ ತಲೆಗೆ."

ಅವರು ಬಿಟ್ಟರು. ಅರ್ಥವಾಗಿ ಬಿಟ್ಟದ್ದಲ್ಲ, ಜನ ನೋಡುತ್ತಿದ್ದರು. ಅಕ್ಕ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು, ಮೂಗಿನಿಂದ ಉಸಿರು ಬಿಡುತ್ತಾ, ಗಲ್ಲದ ಮೇಲೆ ಚೆಲ್ಲಿಕೊಂಡು. ಅರ್ಧ ಲೋಟ ಮುಗಿದ ಮೇಲೆ ನೋಟ ಸ್ಥಿರವಾಯಿತು. ಇನ್ನರ್ಧ ಲೋಟ ಮುಗಿದ ಮೇಲೆ, "ಇಷ್ಟು ಜನರ ಎದುರು..." ಎಂದು ಅತ್ತಳು. ನನ್ನ ಗಂಡ ಕಾರು ತಂದರು. ಅಲ್ಲಿಂದ ಸುಳ್ಯಕ್ಕೆ, ಆಸ್ಪತ್ರೆಗೆ ಹೋದೆವು. ಭಾವ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ, ಪಾಯಸದಲ್ಲಿ ಎಷ್ಟು ಬೆಲ್ಲ ಇರುತ್ತದೆಂದು ನನ್ನ ಗಂಡನಿಗೆ ವಿವರಿಸಿದರು.

ಆಸ್ಪತ್ರೆಯ ಡಾಕ್ಟರು ಹೆಚ್ಚು ಮಾತಾಡುವವರಲ್ಲ. ರಕ್ತ ನೋಡಿ, ಡ್ರಿಪ್ ಹಾಕಿಸಿ, ನಮ್ಮ ಕಡೆ ತಿರುಗಿದರು.

"ಅನ್ನ ಬಿಟ್ಟು ಎಷ್ಟು ಸಮಯ ಆಯ್ತು?"

"ಕೆಲವು ತಿಂಗಳು," ಎಂದೆ.

"ಮಾತ್ರೆ ಕಡಿಮೆ ಮಾಡಿದ್ದೀರಾ?"

"ಇಲ್ಲ. ಹಳೆಯದ್ದೇ."

"ಮಾತ್ರೆಗೆ ಗೊತ್ತುಂಟಾ ಇವರು ಅನ್ನ ಬಿಟ್ಟದ್ದು? ಅದು ಅದರ ಕೆಲಸ ಮಾಡ್ತದೆ. ಯಾರು ಬಿಡಿಸಿದ್ದು?"

ಭಾವ ಎದೆ ಸೆಟೆಸಿ ನಿಂತರು. ಇಂಥ ಕಡೆಯಲ್ಲೂ ಹೆಮ್ಮೆಯಿಂದ, "ನಾನು" ಎಂದರು. "ಪದ್ಧತಿಯಲ್ಲಿ ಎಂತ ದೋಷವೂ ಇಲ್ಲ ಡಾಕ್ಟ್ರೆ. ಇವಳಿಗೆ ಮನೋಬಲ ಸ್ವಲ್ಪ ಕಮ್ಮಿ."

ಡಾಕ್ಟರು ರಕ್ತ ಪರೀಕ್ಷೆಯ ಚೀಟಿಯನ್ನು ಭಾವನ ಮುಂದೆ ಹಿಡಿದರು. "ಮನೋಬಲ ಅಳೆಯುವ ಮಿಷನ್ ನಮ್ಮಲ್ಲಿ ಇಲ್ಲ. ಸಕ್ಕರೆ ಅಳೆಯುವುದು ಉಂಟು" ಎಂದು ಹೇಳಿ, ಮುಂದಿನ ಮಾತನ್ನೆಲ್ಲ ನನ್ನ ಹತ್ತಿರ ಆಡಿದರು. ಮಾತ್ರೆಯನ್ನು ಬದಲಿಸಿದರು. ಹೊತ್ತು ಹೊತ್ತಿಗೆ ಊಟ ಆಗಬೇಕು ಎಂದರು.

ಅಲ್ಲಿಯೇ ಪಥ್ಯ ಹೇಳುವ ಒಬ್ಬ ಹೆಂಗಸು ಇದ್ದರು. ಅವರು ಕೊಟ್ಟ ಅಚ್ಚು ಹಾಕಿದ ಹಾಳೆಯಲ್ಲಿ ಓಟ್ಸ್, ಬ್ರೊಕೋಲಿ, ಇನ್ನೂ ಉಚ್ಚಾರಣೆಗೆ ಬಾರದ ಒಂದೆರಡು ಧಾನ್ಯ ಇದ್ದವು. ಸುಳ್ಯದಲ್ಲಿ ಅದನ್ನು ಕೊಟ್ಟವರಿಗೂ ತಾವು ಯಾವ ಊರಿನಲ್ಲಿದ್ದೇವೆಂಬ ಪರಿವೆ ಇದ್ದ ಹಾಗಿರಲಿಲ್ಲ. ಆದರೆ ಒಂದು ಪ್ರಶ್ನೆ ಮಾತ್ರ ಅವರು ಸರಿಯಾಗಿ ಕೇಳಿದರು.

"ಯಾವ ಹೊತ್ತಿಗೆ ನಿಮಗೆ ತಿನ್ನುದು ಕೈ ತಪ್ಪುದು?"

ಅಕ್ಕ, "ಸಂಜೆ" ಎಂದಳು. ಅವಳ ಜೊತೆಗೆ ನಾನೂ ಅದನ್ನೇ ಹೇಳಿದೆ.

"ಅದಕ್ಕಿಂತ ಮೊದಲು ಎಂತ ತಿಂದಿರ್ತೀರಿ, ಅದನ್ನು ನೋಡಿ."

ಅಕ್ಕನನ್ನು ನಾನು ನೇರ ಪುತ್ತೂರಿಗೆ ಕರೆದುಕೊಂಡು ಬಂದೆ. ಭಾವ ಬೇಡವೆನ್ನಲಿಲ್ಲ. ತುಪ್ಪದ ಡಬ್ಬ ಯಾವ ಕಪಾಟಿನಲ್ಲಿದೆ ಎಂದು ಮಾತ್ರ ಕೇಳಿಕೊಂಡರು.

ನಮ್ಮ ಮನೆಯಲ್ಲಿ ಅವಳು ಮೊದಲ ದಿನ ಅನ್ನದ ಪಾತ್ರೆಯ ಮುಂದೆ ಕಳ್ಳಿಯ ಹಾಗೆ ನಿಂತಳು. ಒಂದು ಸೌಟು ಕುಚ್ಚಲಕ್ಕಿ ಅನ್ನ ಬಡಿಸಿ, ಪಕ್ಕಕ್ಕೆ ಎರಡು ಬಂಗುಡೆ ಮೀನು ಇಟ್ಟು, ಹುರುಳಿ ಸಾರಿನ ಅಡಿಯಲ್ಲಿದ್ದ ಕಾಳನ್ನೆಲ್ಲ ಬಾಚಿ ಹಾಕಿದೆ, ಬಸಳೆ ಪಲ್ಯ ಬಡಿಸಿದೆ. ಮುಂಚೆ ನಮ್ಮ ತಟ್ಟೆಗಳಲ್ಲಿ ಅನ್ನ ಗುಡ್ಡೆ, ಅದರ ಬದಿಗೆ ಮೀನಿನದ್ದೊಂದು ತುಂಡು, ಸಾರೆಂದರೆ ನೀರು. ಭಾವನ ತಟ್ಟೆಯಲ್ಲಿ ಅನ್ನವೇ ಇಲ್ಲ. ಈ ಎರಡರ ನಡುವೆ ಒಂದು ತಟ್ಟೆ ಇರಬಹುದೆಂದು ಇಷ್ಟು ಓದಿದ ನಮಗೆ ಯಾರಿಗೂ ಹೊಳೆದಿರಲಿಲ್ಲ. ಬೆಳಿಗ್ಗೆ ನೀರುದೋಸೆ ಎರಡು, ಜೊತೆಗೆ ಕಾಯಿ ಅರೆದು ಹಾಕಿದ ಹೆಸರುಕಾಳಿನ ಗಸಿ, ಕೆಲವೊಮ್ಮೆ ಮೊಟ್ಟೆ. ಸಂಜೆಗೆ ಬೇಯಿಸಿದ ಕಡಲೆಗೆ ಒಗ್ಗರಣೆ ಹಾಕಿ ಒಂದು ಡಬ್ಬ ಶಾಲೆಗೆ ಕೊಂಡುಹೋಗುತ್ತಿದ್ದೆ. ಬಸ್ಸಿಗೆ ಮೊದಲು ಸ್ಟಾಫ್ ರೂಮಿನಲ್ಲಿ ಕೂತು ತಿನ್ನುತ್ತಿದ್ದೆ. ಗಣಿತದ ಟೀಚರು ಡಬ್ಬ ನೋಡಿ ಒಂದು ಮುಷ್ಟಿ ಕಡಲೆ ತೆಗೆದುಕೊಂಡರು.

ಆಮೇಲೆ ಕಡಬದ ಆ ಹೋಟೆಲಿನ ಮುಂದೆ ನಿಂತಾಗ ಗೋಳಿಬಜೆಯ ವಾಸನೆ ಮೊದಲಿನ ಹಾಗೆಯೇ ಬರುತ್ತಿತ್ತು. ನಾನು ಅದನ್ನು ಗೆದ್ದೆ ಎಂದು ಹೇಳಿಕೊಳ್ಳುವುದಕ್ಕೆ ಏನೂ ಇಲ್ಲ. ಹೊಟ್ಟೆಯಲ್ಲಿ ಕಡಲೆ ಇತ್ತು, ಅಷ್ಟೆ. ಎಷ್ಟೋ ವಾರ ಎದ್ದು ನಿಂತು ಕೂಗಿ ಹೇಳಿದರೂ ಬಾರದ ಆತ್ಮವಿಶ್ವಾಸ ಒಂದು ಡಬ್ಬ ಕಡಲೆಯಿಂದ ಬಂತೆಂದರೆ ಆ ತರಗತಿಯ ಮಾತಿಗೆ ಎಷ್ಟು ಬೆಲೆ ಕೊಡುವುದು? ಬೇಕೆಂದ ದಿನ ಒಂದು ಪ್ಲೇಟ್ ಬಜೆ ತಿಂದೆ ಕೂಡ, ಮುಂದಿನ ಮೇಜಿನಲ್ಲಿ ಕೂತು. ಎರಡನೆಯ ಪ್ಲೇಟ್ ಬೇಕು ಎನಿಸಲಿಲ್ಲ. ಒಮ್ಮೆ ಗಣಿತದ ಟೀಚರ ಮನೆಯ ಮದುವೆಗೆ ಹೋಗಿ ಬಿರಿಯಾನಿ ಹೊಟ್ಟೆ ತುಂಬ ತಿಂದು ಬಂದೆ. ಮರುದಿನ ಬೆಳಿಗ್ಗೆ ಎದ್ದು ಎಂದಿನ ದೋಸೆ, ಎಂದಿನ ಗಸಿ. ಮುಂಚೆಯಾಗಿದ್ದರೆ ಆ ಬಿರಿಯಾನಿಯ ನೆಪದಲ್ಲಿ ಒಂದು ವಾರ ಹಾಳಾಗುತ್ತಿತ್ತು.

ತೂಕ ಇಳಿಯಿತು, ಆದರೆ ಪ್ಯಾಂಟ್ ಎಳೆದು ತೋರಿಸುವ ಹಾಗಲ್ಲ. ಯಾರೂ ಬಸ್ಸಿನಲ್ಲಿ ಏನೂ ಹೇಳಲಿಲ್ಲ. ಮಾಳಿಗೆಯ ಮೆಟ್ಟಿಲು ಹತ್ತುವಾಗ ನೋವಿಗೆ ನಡುವೆ ನಿಂತು ಮಕ್ಕಳ ಪುಸ್ತಕ ತಪಾಸಣೆ ಮಾಡುವ ನಾಟಕ ಬೇಕಾಗಲಿಲ್ಲ, ಅಷ್ಟು ಸಾಕಿತ್ತು. ಅಕ್ಕನ ಸಕ್ಕರೆಯೂ ಹದಕ್ಕೆ ಬಂತು. ಅದಕ್ಕಿಂತ ಹೆಚ್ಚಾಗಿ ಅವಳು ಕೂತು ತಿನ್ನಲು ಕಲಿತಳು. ಎಲ್ಲರಿಗೂ ಬಡಿಸಿ ಉಳಿದದ್ದನ್ನು ತಿನ್ನುವುದು ಅವಳ ಜನ್ಮದ ಅಭ್ಯಾಸ. ಒಂದು ದಿನ ಅವಳೇ ಹೇಳಿದಳು, "ಹಸಿವಾದಾಗ ತಿಂದ್ರೆ ಸ್ವಲ್ಪಕ್ಕೆ ಸಾಕಾಗ್ತದೆ. ನಿನಗೆ ಗೊತ್ತಿತ್ತಾ?" ನನಗೂ ಗೊತ್ತಿರಲಿಲ್ಲ.

ಈ ಮಧ್ಯೆ ಸುಳ್ಯದ ತರಗತಿಯಲ್ಲಿ ಭಾವ ಅಜ್ಜಾವರದ ಘಟನೆಯನ್ನು ವಿವರಿಸಿದರಂತೆ. ಹೆಂಡತಿಯ ಸಕ್ಕರೆ ತೀರಾ ಕೆಳಗೆ ಇಳಿದದ್ದು ಪದ್ಧತಿಯ ಜಯ, ಇಷ್ಟು ಇಳಿಸುವುದು ಡಾಕ್ಟರಿಂದಲೂ ಆಗಿರಲಿಲ್ಲ, ಎಂದರಂತೆ. ಜನ ಚಪ್ಪಾಳೆ ಹೊಡೆದರಂತೆ. ಭಾವ ಹಾಗೆ ಹೇಳಿದ್ದಕ್ಕೆ ನನಗೆ ಆಶ್ಚರ್ಯವಾಗಲಿಲ್ಲ. ಚಪ್ಪಾಳೆ ಹೊಡೆದವರನ್ನು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ. ಅವರಲ್ಲಿ ಎಷ್ಟೋ ಮಂದಿ ಅಜ್ಜಾವರದ ಚಪ್ಪರದಲ್ಲಿ ನಮ್ಮ ಎದುರು ಸಾಲಿನಲ್ಲಿ ಕೂತು ಉಂಡವರು.

ಕೆಲವು ವಾರ ಕಳೆದು ಭಾವ ಅಕ್ಕನನ್ನು ಕರೆದುಕೊಂಡು ಹೋಗಲು ಬಂದರು. ಹೇಗಿದ್ದಿ ಎಂದು ಕೇಳಲಿಲ್ಲ. "ಹೋಗುವನಾ?" ಎಂದರು. ನಾನು ಅಕ್ಕನನ್ನು ಅಡುಗೆಮನೆಗೆ ಕರೆದು, ಬೇಡವಾದರೆ ಹೋಗಬೇಡ ಎಂದೆ.

"ಎಷ್ಟು ದಿನ ಇರುದು ಇಲ್ಲಿ? ಅದು ನನ್ನದೂ ಮನೆ," ಎಂದಳು ಅಕ್ಕ. ಆ 'ನನ್ನದೂ' ಎಂಬ ಮಾತನ್ನು ಅವಳ ಬಾಯಿಂದ ನಾನು ಅದುವರೆಗೆ ಕೇಳಿರಲಿಲ್ಲ.

ಬಿಟ್ಟು ಬರಲು ನಾನೂ ಭಾವನ ಕಾರಿನಲ್ಲಿ ಹೋದೆ. ಪುತ್ತೂರು ಪೇಟೆ ದಾಟುವ ಮೊದಲು ಒಂದು ದಿನಸಿ ಅಂಗಡಿಯ ಹತ್ತಿರ ಅಕ್ಕ, "ಸ್ವಲ್ಪ ನಿಲ್ಲಿಸಿ" ಎಂದಳು. ಇಳಿದು ಹೋಗಿ, ಅಂಗಡಿಯವನ ಕೈಯಲ್ಲಿ ಒಂದು ಚೀಲ ಹೊರಿಸಿಕೊಂಡು ಬಂದಳು. ಡಿಕ್ಕಿ ತೆರೆಯಲು ಹೇಳಿದಳು.

"ಇದೆಂತ?" ಎಂದರು ಭಾವ.

"ಅಕ್ಕಿ."

"ಯಾರಿಗೆ?"

"ನನಗೆ."

"ನಮ್ಮ ಮನೆಯಲ್ಲಿ ಅಕ್ಕಿ ತರುದಿಲ್ಲ ಅಂತ ನಿರ್ಧಾರ ಆಗಿತ್ತಲ್ಲ?"

"ನೀವು ಮಾಡಿದ್ದು. ನಿಮಗೆ ಬೇಡದಿದ್ರೆ ತಿನ್ನಬೇಡಿ. ನಿಮ್ಮ ಮೊಟ್ಟೆ ಬೇಯಿಸಿ ಇಡ್ತೇನೆ."

ಭಾವ ಹಿಂದೆ ತಿರುಗಿ ನನ್ನನ್ನು ನೋಡಿದರು. ನಾನು ಕಲಿಸಿದ್ದೆಂದು ಅವರ ನಂಬಿಕೆ. ನಾನೇನೂ ಕಲಿಸಿರಲಿಲ್ಲ, ಆದರೆ ಅವರ ನಂಬಿಕೆಯನ್ನು ತಿದ್ದಲೂ ಹೋಗಲಿಲ್ಲ. ಡಿಕ್ಕಿ ತೆರೆಯಿತು.

ಭಾವ ಈಗಲೂ ತೆಳ್ಳಗಿದ್ದಾರೆ. ಕದ್ದು ತಿನ್ನುವ ಮನುಷ್ಯನಲ್ಲ ಅವರು, ಅದನ್ನು ಒಪ್ಪುತ್ತೇನೆ. ಕದ್ದು ತಿಂದಿದ್ದರೆ ಉಳಿದವರ ಹಸಿವು ಸ್ವಲ್ಪವಾದರೂ ಅರ್ಥವಾಗುತ್ತಿತ್ತೇನೋ. ತರಗತಿಯಲ್ಲಿ ಜನ ಕಡಿಮೆಯಾದಾಗ ತುಪ್ಪ ಮೊಟ್ಟೆ ಬಿಟ್ಟು ಸಿರಿಧಾನ್ಯ ಹಿಡಿದರು. ಮೊದಲು ಅಕ್ಕಿ ವಿಷ ಎಂದ ಅದೇ ಧ್ವನಿಯಲ್ಲಿ ಈಗ ಮಾಂಸ ವಿಷ ಎನ್ನುತ್ತಾರೆ. ಕ್ಷಮೆ ಎಂಬ ಶಬ್ದ ಅವರ ನಿಘಂಟಿನಲ್ಲಿ ಇಲ್ಲ. ನನ್ನ ಗಂಡ, "ಬಿಡು ಮಾರಾಯ್ತಿ, ವಯಸ್ಸಾದವರು" ಎನ್ನುತ್ತಾರೆ. ಅಕ್ಕನಿಗೂ ವಯಸ್ಸಾಗಿದೆ ಎಂದು ನಾನು ಹೇಳುತ್ತೇನೆ.

ಕಳೆದ ತಿಂಗಳು ಸುಳ್ಯಕ್ಕೆ ಹೋಗಿದ್ದೆ. ಹನ್ನೆರಡೂವರೆಯ ಹೊತ್ತು. ಅಕ್ಕ ಒಬ್ಬಳೇ ಊಟಕ್ಕೆ ಕೂತಿದ್ದಳು, ತಟ್ಟೆಯಲ್ಲಿ ಬೂತಾಯಿ ಮೀನಿನ ಸಾರು. ನನಗೂ ತಟ್ಟೆ ಹಾಕಿದಳು. ಭಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಬೂತಾಯಿಯ ಎಣ್ಣೆ ಒಳ್ಳೆಯದೆಂದು ಹೇಳುವವರೆಲ್ಲ ಮೂರ್ಖರು, ನಿಜವಾದ ಶಕ್ತಿ ಇರುವುದು ನವಣೆಯಲ್ಲಿ ಎಂದು ಸುರು ಮಾಡಿದರು. ಅಕ್ಕ ತುತ್ತನ್ನು ಪೂರ್ತಿ ಅಗಿದು ನುಂಗಿದಳು.

"ಸ್ವಲ್ಪ ಆಚೆ ನಿಲ್ಲಿ," ಎಂದಳು. "ಬೆಳಕಿಗೆ ಅಡ್ಡ ಆಗ್ತದೆ. ಮುಳ್ಳು ಕಾಣುದಿಲ್ಲ."